ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಐದು ತರಗತಿಗಳನ್ನು ಒಟ್ಟಿಗೆ ನಡೆಸುವುದು ಹೇಗೆ?

ಐದು ತರಗತಿಗೆ ಐದು ಪಾಠ ಮಾಡಲು ಹೋದರೆ ಮಧ್ಯಾಹ್ನದೊಳಗೆ ಗಂಟಲು ಕಟ್ಟುತ್ತದೆ, ಅಷ್ಟೇ. ತರಗತಿ ಮರೆತು, ಯಾರಿಗೆ ಎಷ್ಟು ಬರುತ್ತದೆ ಅಂತ ನೋಡಿ ಗುಂಪು ಮಾಡಿ. ಮೂರು ಗುಂಪು ಸಾಕು. ಒಂದರ ಜೊತೆ ನೀವು ಕೂತಿರಿ. ಇನ್ನೊಂದು ಗುಂಪು, ಏನು ಮಾಡಬೇಕೆಂದು ನೀವು ಬರೆದಿಟ್ಟ ಕಾರ್ಡ್ ನೋಡಿಕೊಂಡು ತಾನೇ ಕೆಲಸ ಮಾಡಲಿ. ಮೂರನೆಯದರಲ್ಲಿ ಚೆನ್ನಾಗಿ ಓದುವವರು ಉಳಿದವರಿಗೆ ಓದಿಸಲಿ. ಸ್ವಲ್ಪ ಹೊತ್ತಿಗೊಮ್ಮೆ ಬದಲಾಯಿಸಿ.

ನಿಜವಾದ ಶ್ರಮ ಇರುವುದು ಕಾರ್ಡ್ ಬರೆಯುವುದರಲ್ಲಿ. 'ಹಾಳೆಯನ್ನು ನಾಲ್ಕು ಸಮ ಭಾಗವಾಗಿ ಮಡಚು. ಒಂದಕ್ಕೆ ಬಣ್ಣ ಹಚ್ಚು. ಬಣ್ಣ ಇಲ್ಲದ್ದು ಎಷ್ಟು ಭಾಗ? ಬರೆ.' ಹೀಗೆ, ನಿಮ್ಮನ್ನು ಕೇಳದೇ ಮುಗಿಸುವಂತಿರಬೇಕು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು 'ಮುಂದೇನು ಮಾಡ್ಲಿ?' ಅಂದರೆ ತಪ್ಪು ಅವರದ್ದಲ್ಲ, ಕಾರ್ಡಿನದು.

ಇದು ಹೊಸದೇನಲ್ಲ. ಕೊಲಂಬಿಯಾದ ಹಳ್ಳಿಗಳಲ್ಲಿ 1970ರ ದಶಕದಲ್ಲಿ ಶುರುವಾದ ಎಸ್ಕ್ಯುಎಲಾ ನುಎವಾ ಪದ್ಧತಿಯೂ ಇಂಥದ್ದೇ: ಮಕ್ಕಳು ತಮ್ಮ ವೇಗದಲ್ಲಿ ಕಲಿಯಲು ಕೈಪಿಡಿ, ಶಾಲೆಯ ಕೆಲಸಕ್ಕೆ ಮಕ್ಕಳದ್ದೇ ಸಮಿತಿ. ನಿಮ್ಮ ಶಾಲೆಯಲ್ಲೂ ಇಂಥ ಸಮಿತಿ ಮಾಡಿ, ಆದರೆ ಸುಮ್ನೆ ಹೆಸರಿಗೆ ಬೇಡ. ಪುಸ್ತಕದ ಕಪಾಟಿನ ಕೀಲಿಕೈಯನ್ನು ಅವರಿಗೇ ಕೊಡಿ. ಒಂದೆರಡು ಪುಸ್ತಕ ಹರಿಯುತ್ತವೆ, ಹರಿಯಲಿ ಬಿಡಿ.