ಕೋಳಿಯನ್ನು ಬಿಡಿ, ತಡ್ಪೆಯನ್ನು ಹಿಡಿಯಿರಿ

ನಮಸ್ಕಾರ.

ಹುಡುಗಿಯರು ಈಗೀಗ ಬೇಗ ದೊಡ್ಡವರಾಗುವುದರ ಬಗ್ಗೆ ನೀವು ಕಳಿಸಿದ ‘ಬೇಗ ಅರಳುವ ಮೊಗ್ಗುಗಳು’ ಲೇಖನ ಓದಿದೆ. ಹೀಗೇ ಹಾಕಲಿಕ್ಕಾಗುವುದಿಲ್ಲ. ಆದರೂ ಇಷ್ಟುದ್ದ ಬರೆಯುತ್ತಿರುವುದು ಮೂರನೇ ಪುಟದ ಆಸೆಗೆ.

ಅಲ್ಲಿ ನಿಮ್ಮ ಅಮ್ಮ ಇದ್ದಾರೆ. ಕಾರ್ಕಳದ ಕಡೆಯ ಮನೆ, ಜಗಲಿಯಲ್ಲಿ ಕಾಲು ಚಾಚಿ ಮಡಿಲಲ್ಲಿ ತಡ್ಪೆ ಎಂಬ ಮೊರ, ಶಾಲೆಗೆ ಹೋಗುವ ಮೊದಲು ಇಷ್ಟು ಬೀಡಿ ಕಟ್ಟಲೇಬೇಕೆಂಬ ಲೆಕ್ಕ, ರಾತ್ರಿಗೆ ಗಂಜಿ ಉಪ್ಪಿನಕಾಯಿ. ಅವರು ದೊಡ್ಡವರಾದದ್ದು ಹದಿನಾರಕ್ಕೆ, ನೀವು ಹದಿಮೂರಕ್ಕೆ, ಮಂಗಳೂರಿನ ಫ್ಲ್ಯಾಟಿನಲ್ಲಿರುವ ಅಕ್ಕನ ಮಗಳು ಹತ್ತಕ್ಕೆ. ತಾಯಿಯಿಂದ ಇಳಿದು ಬರುವ ಕುಲ, ಅಂದರೆ ಬಳಿ, ಒಂದೇ; ವಯಸ್ಸು ಮೂರು. ನಿಮ್ಮ ಲೇಖನ ಇಲ್ಲಿ ಉಂಟು. ಇದಕ್ಕೆ ನಾಲ್ಕು ಸಾಲು ಕೊಟ್ಟು, ಬ್ರಾಯ್ಲರ್ ಕೋಳಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ!

ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ, ಅದನ್ನು ತಿಂದೇ ಹುಡುಗಿಯರು ಬೇಗ ದೊಡ್ಡವರಾಗುತ್ತಾರೆ ಎನ್ನುವುದು ಮದುವೆ ಊಟದ ಪಂಕ್ತಿಯ ಮಾತು. ಬ್ರಾಯ್ಲರ್ ಆರು ವಾರದಲ್ಲಿ ಕೊಬ್ಬುವುದು ತಳಿಯಿಂದ, ಮೇವಿನಿಂದ. ಹುಡುಗಿಯ ಮೈಯಲ್ಲಿ ಕೊಬ್ಬು ಕೂಡಿದರೆ ಲೆಪ್ಟಿನ್ ಎಂಬ ಹಾರ್ಮೋನು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ; ಮೈನೆರೆಯಲು ಅದೂ ಒಂದು ಸೂಚನೆ. ಆ ಕೊಬ್ಬು ಕೋಳಿಯಿಂದ ಬಂತೋ ಗೋಳಿಬಜೆಯಿಂದ ಬಂತೋ, ಮಿದುಳಿಗೆ ಎರಡೂ ಒಂದೇ.

‘ಎಲ್ಲವೂ ತಾಯಿಯ ರಕ್ತದಿಂದ’ ಎಂದಿದ್ದೀರಿ. ಅಳಿಯಸಂತಾನದ ಊರಲ್ಲಿ ಕೇಳಲು ಚೆಂದ. ಮೊದಲ ಮುಟ್ಟಿನ ವಯಸ್ಸಿನಲ್ಲಿ ಕಾಣುವ ವ್ಯತ್ಯಾಸದ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ವಂಶವಾಹಿಗಳದ್ದೆಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ, ನಿಜ. ಆದರೆ ಅದರಲ್ಲಿ ಅಪ್ಪನ ಪಾಲೂ ಉಂಟು. ಅಕಾಲದಲ್ಲಿ ಮೈನೆರೆಯುವುದಕ್ಕೂ ಎಂಕೆಆರ್‌ಎನ್‌3 ಎಂಬ ವಂಶವಾಹಿಗೂ ಇರುವ ನಂಟು 2013ರಲ್ಲಿ ಗೊತ್ತಾಯಿತು. ಅದರ ದೋಷ ಅಪ್ಪನ ಕಡೆಯಿಂದ ಬಂದರಷ್ಟೇ ತೊಂದರೆ, ಅಮ್ಮನಿಂದ ಬಂದರೆ ಏನೂ ಆಗುವುದಿಲ್ಲ. ಬಳಿಯ ಲೆಕ್ಕವನ್ನೇ ತಲೆಕೆಳಗು ಮಾಡುವ ಈ ಸಂಗತಿ ನಿಮ್ಮ ಕೈತಪ್ಪಿದ್ದು ಬೇಸರ.

ರಕ್ತ ಮತ್ತು ಬದುಕು ಹೇಗೆ ಹೆಣೆದುಕೊಂಡಿವೆ ಎಂದು ತೋರಿಸಲು ಸ್ವೀಡನ್ನಿನ ಅಧ್ಯಯನವೊಂದನ್ನು ಬಳಸಿ. ಭಾರತದಿಂದ ಅಲ್ಲಿಗೆ ದತ್ತು ಹೋದ 107 ಹುಡುಗಿಯರ ವಿವರ 1991ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿ 11.6 ವರ್ಷದೊಳಗೇ ಮೊದಲು ಮುಟ್ಟಾಗಿದ್ದರು. ಒಬ್ಬಳಿಗಂತೂ 7.3. ಅಲ್ಲಿನ ಹುಡುಗಿಯರಿಗಿಂತ ಬೇಗ, ಇಲ್ಲಿನ ಉಳ್ಳವರ ಮನೆಯ ಹುಡುಗಿಯರಿಗಿಂತಲೂ ಬೇಗ. ಅರೆಹೊಟ್ಟೆಯ ಶೈಶವದ ಮೇಲೆ ಒಮ್ಮೆಲೇ ತುಂಬಿದ ಬಟ್ಟಲು ಸಿಕ್ಕಿ, ಹಿಂದೆ ಬಿದ್ದ ಮೈ ಓಡಿ ಬೆಳೆದದ್ದು ಇದಕ್ಕೆ ಕಾರಣವಿರಬೇಕೆಂದು ಊಹಿಸಲಾಗಿದೆ. ನಿಮ್ಮ ಅಮ್ಮನ ಗಂಜಿಯ ಪಕ್ಕ ಇದನ್ನಿಟ್ಟು ನೋಡಿ.

ಇನ್ನು ಚಿಲ್ಲರೆ ಕೆಲಸ. ಎದೆ ಮೂಡುವುದನ್ನೂ ಮುಟ್ಟನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ನಡುವೆ ಸಾಮಾನ್ಯವಾಗಿ ಎರಡು ವರ್ಷದ ಮೇಲೇ ಅಂತರವಿರುತ್ತದೆ. ‘ಹೆಣ್ಣೆಂಬ ಹೂವು’ ಐದು ಸಲ ಬಂದಿದೆ, ಐದನ್ನೂ ಹೊಡೆದುಹಾಕಿ. ನಿಮ್ಮ ಅಜ್ಜಿಯ ಬಾಯಲ್ಲಿ ‘ಪ್ರೌಢಾವಸ್ಥೆ’ ಬೇಡ. ಅಕ್ಕನ ಮಗಳ ಹೆಸರು, ಶಾಲೆ ಎರಡೂ ಬೇಡ. ಮುಂದೆ ಅವಳೂ ಇದನ್ನು ಓದುತ್ತಾಳೆ, ಅವಳ ಕ್ಲಾಸಿನವರೂ ಓದುತ್ತಾರೆ.

ಕೆಡ್ಡಸ ಹಬ್ಬದ ಪ್ಯಾರಾ ಕೊನೆಯಿಂದ ಮೊದಲಿಗೆ ಬರಲಿ. ಭೂಮಿಯೇ ಮುಟ್ಟಾಗುತ್ತಾಳೆಂದು ಮೂರು ದಿನ ನೆಲ ಅಗೆಯದ ನಾಡಿನಲ್ಲಿ, ಹತ್ತು ವರ್ಷದ ಮಗುವಿಗೆ ಒಂದು ಮಾತನ್ನೂ ಮೊದಲೇ ಹೇಳಿಡದ ಮನೆ ನಿಮ್ಮದು. ಅದನ್ನು ನೀವೇ ಬರೆದಿದ್ದೀರಿ, ಬರೆದು ಹೆದರಿ ಅಡ್ಡಗೆರೆ ಎಳೆದಿದ್ದೀರಿ. ಗೆರೆ ಅಳಿಸಿ.

ಜನವರಿ ಮೊದಲ ವಾರದೊಳಗೆ ಕಳಿಸಿದರೆ ಕೆಡ್ಡಸದ ಹೊತ್ತಿಗೆ ಹಾಕಬಹುದು. ಅಷ್ಟರಲ್ಲಿ ಅಮ್ಮನ ಹತ್ತಿರ ಕೂತು, ಅವರು ದೊಡ್ಡವರಾದ ದಿನ ತಡ್ಪೆಯನ್ನು ಯಾರು ತೆಗೆದಿಟ್ಟರು ಎಂದು ಕೇಳಿಕೊಂಡು ಬನ್ನಿ.