ಕೈಚೆಲ್ಲುವುದೋ, ಕೈಗೊಪ್ಪಿಸುವುದೋ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ಸಲದ ಪ್ರಶ್ನೆಗಳೆಲ್ಲ ಬಳ್ಳಾರಿ ಕಥೋಲಿಕ ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ಊರುಗಳಿಂದಲೇ ಬಂದಿವೆ. ಬೇರೆ ಬೇರೆ ಮನೆಯವರು ಕೇಳಿದ್ದರೂ ಹೆಚ್ಚಿನವು ಸುತ್ತುವುದು ಒಂದೇ ಮಾತಿನ ಸುತ್ತ: 'ದೇವರಿಗೆ ಒಪ್ಪಿಸಿಬಿಡು' ಎನ್ನುತ್ತಾರಲ್ಲ, ಒಪ್ಪಿಸುವುದು ಅಂದರೆ ಮಾಡುವುದೇನು? ಕೇಳಿದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ಕಾಲುವಿ ಕೊನೀಗೆ ನಮ್ಮ 4 ಎಕರೆ ಐತ್ರಿ. ನೆಲ್ಲು ಹೊಡಿ ಬರೂ ಟೈಮಿಗೇ ನೀರು ನಿಂತು ಹೋಗ್ತದ. 'ಎಲ್ಲಾ ದೇವರ ಚಿತ್ತಕ್ಕ ಬಿಡು' ಅಂತಾರ ನಮ್ಮ ಉಪದೇಶಿಗಳು. ಬಿಟ್ಟ ಮ್ಯಾಲೆ ಮತ್ತ ನೀರಾವರಿ ಆಫೀಸಿಗೆ ಅಡ್ಡಾಡಿದ್ರ ನಂಬಿಕಿ ಕಡಿಮಿ ಆದಂಗಲ್ಲೇನ್ರಿ? (ಮಾನವಿ ತಾಲ್ಲೂಕು)

ಉತ್ತರ: ಆಗುವುದಿಲ್ಲ. ಧಾರಾಳವಾಗಿ ಅಡ್ಡಾಡಿ.

ಒಪ್ಪಿಸುವುದನ್ನು ಕಲಿಯಲು ಮತ್ತಾಯನ ಶುಭಸಂದೇಶದ 26ನೇ ಅಧ್ಯಾಯ ತೆಗೆಯಿರಿ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ 'ನಿಮ್ಮ ಚಿತ್ತದಂತಾಗಲಿ' ಎಂದು ಶುರು ಮಾಡಲಿಲ್ಲ. 'ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ' ಎಂದು ಮೊದಲು ಬಾಯಿಬಿಟ್ಟು ಕೇಳಿದರು. ಆಮೇಲೆ ಒಪ್ಪಿಸಿದರು. ಅದೂ ಒಂದು ಸಲಕ್ಕೆ ಮುಗಿಯಲಿಲ್ಲ. ಮೂರು ಸಲ ಹೋಗಿ ಅದೇ ಮಾತು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ನಮ್ಮಲ್ಲಿ ಎಷ್ಟೋ ಜನ ಕೇಳುವ ಭಾಗವನ್ನೇ ಹಾರಿಸಿಬಿಡುತ್ತಾರೆ. ಒಳಗೆ ಸಿಟ್ಟು ಕುದಿಯುತ್ತಿದ್ದರೂ ಬಾಯಲ್ಲಿ ಮಾತ್ರ 'ದೇವರ ಚಿತ್ತ' ಎನ್ನುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಪ್ರಾರ್ಥನೆ ನಿಲ್ಲುತ್ತದೆ, ಆಮೇಲೆ ಗುಡಿಗೆ ಬರುವುದೂ ನಿಲ್ಲುತ್ತದೆ. ಕೇಳದೇ ಒಪ್ಪಿಸಿದ್ದು ಒಳಗೇ ಉಳಿದು ಹುಳಿಯುತ್ತದೆ.

ಹಾಗಾಗಿ ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ ಐದು ನಿಮಿಷ ಕೂತು ಲೆಕ್ಕ ಒಪ್ಪಿಸಿ. 'ಸ್ವಾಮಿ, ನನ್ನ ಕಷ್ಟ ನೋಡಿ' ಎಂಬಷ್ಟಕ್ಕೇ ಬಿಡಬೇಡಿ. ನಾಲ್ಕು ಎಕರೆ, ಹೊಡೆ ಬರುವ ಬೆಳೆ, ಇನ್ನೆಷ್ಟು ನೀರು ಬೇಕು, ಗೊಬ್ಬರದ ಅಂಗಡಿಯಲ್ಲಿ ಎಷ್ಟು ಬಾಕಿ ಇದೆ, ಎಲ್ಲವನ್ನೂ ಹೇಳಿ. 'ನೀರು ಬರಲಿ' ಎಂದು ನೇರವಾಗಿ ಕೇಳಿ. ಆಮೇಲೆ 'ಆದರೂ ನನ್ನ ಚಿತ್ತವಲ್ಲ, ನಿಮ್ಮದು' ಎನ್ನಿ. ಕೊನೆಗೆ ಒಂದೇ ಪ್ರಶ್ನೆ: ಇವತ್ತು ನನ್ನ ಕೈಯಲ್ಲಿರುವ ಕೆಲಸ ಯಾವುದು? ನೀರು ಬಳಕೆದಾರರ ಸಂಘದವರನ್ನು ಕಾಣುವುದಿರಬಹುದು, ಕಾಲುವೆಯ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂದು ದಿನಾಂಕದ ಸಮೇತ ಬರೆದಿಟ್ಟುಕೊಳ್ಳುವುದಿರಬಹುದು, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದಿರಬಹುದು. ಅದನ್ನು ಮಾಡಿ ಬನ್ನಿ. ಗೇಟು ಎತ್ತುವುದು ನಿಮ್ಮ ಕೈಯಲ್ಲಿಲ್ಲ. ರಾತ್ರಿ ನಿದ್ದೆಗೆಟ್ಟು ಮಲಗಿದಲ್ಲೇ ಅದನ್ನು ನೂರು ಸಲ ಎತ್ತಿ ಇಳಿಸುತ್ತೀರಲ್ಲ, ಒಪ್ಪಿಸಬೇಕಾದದ್ದು ಅದನ್ನೇ. ಮೇಲ್ಗಡೆಯವರು ಕಾಲುವೆಗೆ ಪೈಪ್ ಇಳಿಸಿದ್ದಾರೆ ಎಂಬ ಸಿಟ್ಟಿದ್ದರೆ ಅದನ್ನೂ ಹೆಸರಿಟ್ಟು ಹೇಳಿಬಿಡಿ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದು ನಿಮಗೆ ಮರೆತಿರಲಿಕ್ಕಿಲ್ಲ. ಹರಿಯುವ ನೀರಿನಲ್ಲೇ, ಗೇಟಿನ ಜಾಗಕ್ಕೆ ನೀರು ತಡೆಯುವ ಉಕ್ಕಿನ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿದ ಕೆಲಸಗಾರರಲ್ಲಿ ಯಾರಾದರೂ ದೇವರನ್ನು ನೆನೆದಿದ್ದರೆ, ಅದಕ್ಕಾಗಿ ಅವರು ಕ್ರೇನ್ ನಿಲ್ಲಿಸಬೇಕಾಗಿರಲಿಲ್ಲ.

ಇಷ್ಟಾದರೂ ನೀರು ಬರದೇ ಹೋಗಬಹುದು. ಆಗ ಬೈಬಲಿನ 13ನೇ ಕೀರ್ತನೆ ಓದಿ. ಆರೇ ವಚನ. 'ಎಲ್ಲಿಯವರೆಗೆ?' ಎಂಬ ದೂರಿನಿಂದಲೇ ಶುರುವಾಗುತ್ತದೆ. ಬೆಳೆ ಒಣಗಿದ್ದು ನನ್ನ ಪಾಪಕ್ಕೆ ಶಿಕ್ಷೆ ಎಂದು ಮಾತ್ರ ತಿಳಿಯಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಯೇಸುಸ್ವಾಮಿ ಆ ಲೆಕ್ಕವನ್ನು ತಳ್ಳಿಹಾಕಿದ್ದಾರೆ (ಯೊವಾನ್ನ 9:3). ಕೊನೆ ಭಾಗದ ಹೊಲಕ್ಕೆ ನೆಲ್ಲೇ ಬೇಕೋ, ಜೋಳ ಕಡಲೆ ಸಾಕೋ ಎಂದು ಮುಂದಿನ ಬೆಳೆಗೆ ಯೋಚಿಸುವುದೂ ಒಪ್ಪಿಸುವುದರಲ್ಲೇ ಬರುತ್ತದೆ. ನಮ್ಮ ಹಟವನ್ನೂ ಬಿಟ್ಟುಕೊಡಬೇಕಲ್ಲ.

ಪ್ರಶ್ನೆ: ಮನೆಯಲ್ಲೇ ಜೀನ್ಸ್ ಹೊಲಿಗೆ ಕೆಲಸ. ರಾತ್ರಿ ಜಪಸರ ಹಿಡಿದರೆ ಎರಡನೇ ಹತ್ತಕ್ಕೇ (ಹತ್ತು ಮಣಿಗಳ ಎರಡನೇ ಸುತ್ತಿಗೇ) ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಇಲ್ಲದಿದ್ದರೆ ತೂಕಡಿಕೆ. ಮತ್ತೆ ಮೊದಲಿಂದ ಶುರು ಮಾಡುತ್ತೇನೆ, ಮುಗಿಯುವುದೇ ಇಲ್ಲ. (ಬಳ್ಳಾರಿ)

ಉತ್ತರ: ಮಷೀನಿನಲ್ಲಿ ದಾರ ಕಡಿದರೆ ಪ್ಯಾಂಟು ಪೂರ್ತಿ ಬಿಚ್ಚುತ್ತೀರಾ? ಕಡಿದಲ್ಲಿಂದ ಎರಡು ಹೊಲಿಗೆ ಹಿಂದೆ ಬಂದು ಮುಂದುವರಿಯುತ್ತೀರಿ. ಜಪಸರಕ್ಕೂ ಅದೇ ಕ್ರಮ. ಬೆರಳು ಯಾವ ಮಣಿಯ ಮೇಲಿದೆಯೋ ಅಲ್ಲಿಂದಲೇ ಮುಂದಕ್ಕೆ. ಮನಸ್ಸು ಯಾಕೆ ಹೋಯಿತು, ಎಲ್ಲಿಗೆ ಹೋಯಿತು ಎಂದು ಬೆನ್ನಟ್ಟಿದರೆ ಅದರ ಬಲೆಗೇ ಬಿದ್ದಂತೆ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ (2729). ಆದರೆ ಮನಸ್ಸು ದಿನವೂ ಒಂದೇ ಕಡೆಗೆ, ಸಾಲಕ್ಕೋ ಮಗಳ ಮದುವೆಗೋ ಓಡುತ್ತಿದ್ದರೆ, ಮುಂದಿನ ಹತ್ತನ್ನು ಅದೇ ವಿಷಯಕ್ಕೆ ಅರ್ಪಿಸಿಬಿಡಿ.

ಐದು ಹತ್ತುಗಳ ಜಪಸರಕ್ಕೆ 15ರಿಂದ 20 ನಿಮಿಷ ಬೇಕು. ದಣಿದ ಮೈಗೆ ರಾತ್ರಿ ಹತ್ತರ ಮೇಲೆ ಅದು ಹೆಚ್ಚೇ. ಒಡೆದುಕೊಳ್ಳಿ: ಬೆಳಿಗ್ಗೆ ಒಲೆ ಹಚ್ಚಿದಾಗ ಒಂದು ಹತ್ತು, ಕರೆಂಟ್ ಹೋದಾಗ ಒಂದು, ಹೀಗೆ. ದಾರ ಕತ್ತರಿಸುವ ಕೆಲಸದಲ್ಲಿ ಕೈ ಬಿಡುವಿಲ್ಲದಿದ್ದರೆ ಮಣಿಯೂ ಬೇಡ, ಕತ್ತರಿಸಿದ ಒಂದೊಂದು ಪ್ಯಾಂಟಿಗೆ ಒಂದು 'ನಮೋ ಮರಿಯ'. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು (ಜಪದ ಜೊತೆ ಧ್ಯಾನಿಸುವ ಯೇಸು, ಮರಿಯರ ಬದುಕಿನ ಘಟನೆಗಳು), ಮಂಗಳವಾರ, ಶುಕ್ರವಾರ ದುಃಖದವು, ಬುಧವಾರ, ಭಾನುವಾರ ಮಹಿಮೆಯವು, ಗುರುವಾರ ಬೆಳಕಿನವು. ಈ ಕೊನೆಯದನ್ನು ಎರಡನೇ ಜಾನ್ ಪಾಲ್ ಪೋಪರು ಸೇರಿಸಿದ್ದು 2002ರಲ್ಲಿ, ಅಜ್ಜಿಯ ಕಾಲದ ಪುಸ್ತಕದಲ್ಲಿ ಇರುವುದಿಲ್ಲ.

ತೂಕಡಿಕೆಗೆ ನಾಚಬೇಡಿ. ಲಿಸಿಯೂದ ಸಂತ ತೆರೇಸಮ್ಮನವರು ಕಾನ್ವೆಂಟಿನ ಪ್ರಾರ್ಥನೆಯಲ್ಲೇ ನಿದ್ದೆ ಹೋಗುತ್ತಿದ್ದರು. ಮಲಗಿದ ಮಕ್ಕಳೂ ಎಚ್ಚರವಿದ್ದ ಮಕ್ಕಳಷ್ಟೇ ತಂದೆತಾಯಿಗೆ ಪ್ರೀತಿ ಎಂದು ಸಮಾಧಾನ ಮಾಡಿಕೊಂಡರು. ಮುಂದೆ ಧರ್ಮಸಭೆ ಅವರನ್ನು ಧರ್ಮಪಂಡಿತೆ ಎಂದೇ ಸಾರಿತು.

ಪ್ರಶ್ನೆ: ಮಗ ಆಸ್ಪತ್ರೆಯಲ್ಲಿದ್ದಾಗ, ಗುಣವಾದರೆ ಪ್ರತಿ ವರ್ಷ ವೇಳಾಂಗಣ್ಣಿಗೆ ಬಂದು ಮೊಣಕಾಲಲ್ಲಿ ನಡೆಯುತ್ತೇನೆ ಎಂದು ಹರಕೆ ಹೊತ್ತೆ. ಗುಣವಾದ. ಈಗ ನನಗೇ ಮೊಣಕಾಲು ನೋವು, ದುಡ್ಡಿಗೂ ತೊಂದರೆ. ಹೋಗದಿದ್ದರೆ ಮಗನಿಗೆ ಏನಾದರೂ ಆದೀತೆಂಬ ಹೆದರಿಕೆ. ನಮ್ಮತ್ತೆ ನನ್ನ ಹೆಸರಲ್ಲಿ ಹೊತ್ತ ಹರಕೆ ಬೇರೆ ಇದೆ. (ಕೊಪ್ಪಳ)

ಉತ್ತರ: ಅತ್ತೆಯವರದ್ದನ್ನು ಮೊದಲು ಬಗೆಹರಿಸೋಣ. ಹರಕೆ ಕಟ್ಟಿಹಾಕುವುದು ಹೊತ್ತವರನ್ನು ಮಾತ್ರ (ಧರ್ಮಸಭೆಯ ಕಾನೂನು 1193). ನಿಮ್ಮ ಹೆಸರಲ್ಲಿ ಅವರು ಹೊತ್ತದ್ದು ನಿಮ್ಮ ತಲೆಗೆ ಬರುವುದಿಲ್ಲ. ಪ್ರೀತಿಯಿಂದ ತೀರಿಸಿದರೆ ಸಂತೋಷ, ಆದರೆ ಅದು ಸಾಲವಲ್ಲ.

ಇನ್ನು ನಿಮ್ಮದು. ತಿಳಿದು, ಸ್ವಂತ ಮನಸ್ಸಿನಿಂದ, ದೇವರಿಗೆ ಕೊಟ್ಟ ಮಾತಷ್ಟೇ ಹರಕೆ (1191). ಐಸಿಯು ಬಾಗಿಲಲ್ಲಿ ಅಳುತ್ತಾ 'ಹೋಗಿಬಂದರೆ ಚೆನ್ನಾಗಿತ್ತು' ಎಂದುಕೊಂಡಿದ್ದರೆ ಅದು ಆಸೆ. 'ಬಂದೇ ಬರುತ್ತೇನೆ' ಎಂದು ಮಾತು ಕೊಟ್ಟಿದ್ದರೆ ಹರಕೆ. ಹರಕೆಯೇ ಆಗಿದ್ದರೂ ದಾರಿ ಇದೆ. ಸಮನಾದ ಅಥವಾ ಇನ್ನೂ ಒಳ್ಳೆಯ ಕೆಲಸಕ್ಕೆ ಅದನ್ನು ಬದಲಿಸಿಕೊಳ್ಳುವ ಹಕ್ಕು ಹೊತ್ತವರಿಗೇ ಇದೆ. ಅದಕ್ಕಿಂತ ಹಗುರವಾದದ್ದಕ್ಕೆ ಬದಲಿಸಬೇಕಿದ್ದರೆ, ಅಥವಾ ಪೂರ್ತಿ ಬಿಡಿಸಿಕೊಳ್ಳಬೇಕಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಸಕಾರಣವಿದ್ದರೆ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ (1196, 1197). ಬೆಂಗಳೂರಿಗೆ ಬರೆಯಬೇಕಿಲ್ಲ, ರೋಮಿಗಂತೂ ಬೇಡವೇ ಬೇಡ. ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಸಮಯ ಕೇಳಿ, ಮೂರು ಮಾತು ಹೇಳಿ: ಏನೆಂದು ಹೊತ್ತೆ, ಯಾವಾಗ ಹೊತ್ತೆ, ಈಗ ಯಾಕೆ ಆಗುವುದಿಲ್ಲ. ಪ್ರಯಾಣಕ್ಕೆ ತಗಲುವ ದುಡ್ಡಿನಲ್ಲಿ ಒಂದು ಪಾಲು ಆಸ್ಪತ್ರೆಯ ಬಡರೋಗಿಗೆ, ಸೆಪ್ಟೆಂಬರ್ 8ರ ಮಾತೆಯ ಹಬ್ಬದ ದಿನ ನಿಮ್ಮೂರಲ್ಲೇ ಬಲಿಪೂಜೆ, ಹೀಗೆ ಏನಾದರೂ ಅವರು ಸೂಚಿಸಬಹುದು.

ಮಗನಿಗೆ ಏನಾದೀತೆಂಬ ಹೆದರಿಕೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ. ಕಂತು ತಪ್ಪಿದರೆ ಮನೆ ಬಾಗಿಲಿಗೆ ಬರುವ ಬಡ್ಡಿ ಸಾಹುಕಾರನ ಜಾಗದಲ್ಲಿ ನೀವು ದೇವರನ್ನು ಕೂರಿಸಿದ್ದೀರಿ. ಗುರುಗಳ ಹತ್ತಿರ ಹರಕೆಯ ಜೊತೆಗೆ ಈ ಹೆದರಿಕೆಯನ್ನೂ ಹೇಳಿ.

ಪ್ರಶ್ನೆ: ತೋರಣಗಲ್ಲಿನಲ್ಲಿ ಮೂರು ಶಿಫ್ಟಿನ ಕೆಲಸ. ಎಷ್ಟೋ ಭಾನುವಾರ ಪೂಜೆ ತಪ್ಪುತ್ತದೆ. ಪ್ರಾರ್ಥನೆಗೆ ಗೊತ್ತಾದ ಹೊತ್ತೇ ಇಲ್ಲ. (ಸಂಡೂರು ತಾಲ್ಲೂಕು)

ಉತ್ತರ: ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಕಟ್ಟಳೆಗೆ ಸಲ್ಲುತ್ತದೆ (ಧರ್ಮಸಭೆಯ ಕಾನೂನು 1248). ತಿಂಗಳ ಶಿಫ್ಟ್ ಪಟ್ಟಿ ಬಂದ ದಿನವೇ ನಾಲ್ಕು ಶನಿವಾರ, ನಾಲ್ಕು ಭಾನುವಾರಗಳ ಎದುರು ಯಾವ ಪೂಜೆ ಸಿಗುತ್ತದೆಂದು ಬರೆದಿಡಿ. ಎರಡೂ ಸಿಗದ ವಾರ, ಕೆಲಸ ಬಿಡಲಾಗದ ಪರಿಸ್ಥಿತಿಯಿದ್ದರೆ ಪಾಪವಲ್ಲ. ಆ ದಿನದ ವಾಚನಗಳನ್ನು ಮನೆಯವರ ಜೊತೆ ಓದಿ ಪ್ರಾರ್ಥಿಸಿ. ಪೂಜೆಗೆ ಹೋದ ದಿನ ಒಂದನ್ನು ಗಮನಿಸಿ: ಕಾಣಿಕೆಯ ಹೊತ್ತಿನಲ್ಲಿ ಗುರುಗಳು ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಬೆರೆಸುತ್ತಾರೆ. ಬೆರೆತ ನೀರನ್ನು ಮತ್ತೆ ಬೇರ್ಪಡಿಸಲಾಗದು. ಆ ವಾರದ ದಣಿವು, ಫೋರ್‌ಮನ್ ಜೊತೆಗಿನ ಜಗಳ, ಓಟಿ ಲೆಕ್ಕ, ಎಲ್ಲವನ್ನೂ ಆ ಹನಿಯ ಜೊತೆ ಹಾಕಿಬಿಡಿ.

ದಿನದ ಪ್ರಾರ್ಥನೆಗೆ ಗಡಿಯಾರ ನಂಬಬೇಡಿ. ಶಿಫ್ಟ್ ಬದಲಾದ ಹಾಗೆ ಬೆಳಿಗ್ಗೆ, ರಾತ್ರಿ ಎಲ್ಲ ಅದಲುಬದಲಾಗುತ್ತದೆ. ಬದಲಾಗದ ಒಂದು ಕೆಲಸಕ್ಕೆ ಗಂಟು ಹಾಕಿ: ಹೆಲ್ಮೆಟ್ ಹಾಕುವಾಗ ಶಿಲುಬೆ ಗುರುತು, ವಾಪಸ್ ಬರುವ ಬಸ್ಸಿನಲ್ಲಿ ಹತ್ತು ನಿಮಿಷದ ಆತ್ಮಶೋಧನೆ. ಲೊಯೊಲಾದ ಸಂತ ಇಗ್ನಾಸಿಯವರು ಹೇಳಿದ ಕ್ರಮ ಐದು ಹೆಜ್ಜೆಯದು. ಸಿಕ್ಕ ಒಳ್ಳೆಯದಕ್ಕೆ ವಂದನೆ, ಬೆಳಕಿಗಾಗಿ ಬೇಡಿಕೆ, ಗೇಟಿನಿಂದ ಗೇಟಿನವರೆಗೆ ದಿನವನ್ನು ತಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ತೀರ್ಮಾನ. ಕೆಡುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ವಂದನೆ ಬಿಟ್ಟು ನೇರ ತಪ್ಪುಗಳ ಪಟ್ಟಿಗೆ ಇಳಿದರೆ ವಾರದೊಳಗೆ ಬೇಸರ ಬರುತ್ತದೆ. ಬೇಸರ ಬಂದ ದಿನ ಹತ್ತು ನಿಮಿಷವನ್ನು ಐದಕ್ಕೆ ಇಳಿಸಬೇಡಿ, ಹನ್ನೊಂದು ಮಾಡಿ. ಇದೂ ಇಗ್ನಾಸಿಯವರದೇ ಉಪಾಯ.

ಪ್ರಶ್ನೆ: ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡಿ ಎಂಟು ವರ್ಷವಾಯಿತು. ಸಣ್ಣ ಊರು, ಫಾದರ್‌ಗೆ ನನ್ನ ದನಿ ಗೊತ್ತು. (ರಾಯಚೂರು ಜಿಲ್ಲೆ)

ಉತ್ತರ: ಬೇರೆ ಧರ್ಮಕೇಂದ್ರಕ್ಕೆ ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ. ಕೇಳಿದ್ದನ್ನು ಹೊರಗೆ ಬಿಡುವ ಹಕ್ಕು ಯಾವ ಗುರುವಿಗೂ ಇಲ್ಲ. ನೇರವಾಗಿ ಹೊರಗೆಡಹಿದವರು ಆ ಕ್ಷಣವೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆ.

ಹಿಂದಿನ ದಿನ ಅರ್ಧ ಗಂಟೆ ಕೂತು ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಒಳಗೆ ಹೋದ ಕೂಡಲೇ 'ಎಂಟು ವರ್ಷವಾಯಿತು, ಹೇಗೆ ಮಾಡಬೇಕೆಂದು ಮರೆತಿದ್ದೇನೆ, ಸಹಾಯ ಮಾಡಿ' ಎನ್ನಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ. ಗಂಭೀರ ಪಾಪಗಳಾದರೆ ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ಕಥೆ ಬೇಡ, ಬೇರೆಯವರ ಹೆಸರಂತೂ ಬೇಡ. 'ಗಂಡ ಹಾಗೆ ಮಾಡಿದ್ದಕ್ಕೆ ನಾನು ಹೀಗೆ' ಎಂದು ಶುರುವಾದರೆ ಅದು ಗಂಡನ ಪಾಪನಿವೇದನೆಯಾಗುತ್ತದೆ! ಮರೆತುಹೋದ ಪಾಪವೂ ಕ್ಷಮೆಯಲ್ಲಿ ಸೇರಿದೆ. ಗಂಭೀರವಾದದ್ದು ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿ. ಬೇಕೆಂದೇ ಗಂಭೀರ ಪಾಪ ಮುಚ್ಚಿಟ್ಟರೆ ಮಾತ್ರ ನಿವೇದನೆ ಸಲ್ಲುವುದಿಲ್ಲ. ಕೊಟ್ಟ ಪ್ರಾಯಶ್ಚಿತ್ತವನ್ನು ಗುಡಿ ಬಿಡುವ ಮುಂಚೆಯೇ ಮುಗಿಸಿ, ಮನೆಗೆ ಹೋದರೆ ಮರೆಯುತ್ತೀರಿ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಒಂಬತ್ತು ದಿನದ ಶರಣಾಗತಿ ಪ್ರಾರ್ಥನೆ ಬಂದಿದೆ. ಒಂಬತ್ತು ಜನಕ್ಕೆ ಕಳಿಸದಿದ್ದರೆ ಕೆಡುಕಾಗುತ್ತದಂತೆ. (ಗಂಗಾವತಿ)

ಉತ್ತರ: ಪ್ರಾರ್ಥನೆ ಚೆನ್ನಾಗಿದ್ದರೆ ಇಟ್ಟುಕೊಳ್ಳಿ, ಬೆದರಿಕೆಯನ್ನು ಅಳಿಸಿ. ಸ್ವರ್ಗಾರೋಹಣದಿಂದ ಪೆಂತೆಕೋಸ್ತಿನವರೆಗೆ ಶಿಷ್ಯರು ಮಾತೆ ಮರಿಯಳ ಜೊತೆ ಪ್ರಾರ್ಥಿಸಿದ ದಿನಗಳ ನೆನಪು ಈ ಒಂಬತ್ತಕ್ಕಿದೆ. ಫಾರ್ವರ್ಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: 63 ವರ್ಷ, ಸಕ್ಕರೆ ಕಾಯಿಲೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಇಡೀ ದಿನ ಉಪವಾಸವಿದ್ದು ಹೋದ ವರ್ಷ ಶಿಲುಬೆ ಹಾದಿಯಲ್ಲಿ (ಯೇಸುವಿನ ಪಾಡನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ) ಬಿದ್ದೆ. ಈ ವರ್ಷವೂ ಬಿಡಲು ಮನಸ್ಸಿಲ್ಲ. (ಸಿಂಧನೂರು)

ಉತ್ತರ: ಉಪವಾಸದ ಕಟ್ಟಳೆ ಇರುವುದು 18 ತುಂಬಿದವರಿಂದ 59ರವರೆಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಆ ದಿನವೂ ಒಂದು ಪೂರ್ತಿ ಊಟ, ಎರಡು ಸಣ್ಣ ಫಲಾಹಾರಕ್ಕೆ ಅವಕಾಶವಿದೆ. ನಿಮಗೆ ವಯಸ್ಸಿನಿಂದಲೂ ವಿನಾಯಿತಿ, ಕಾಯಿಲೆಯಿಂದಲೂ ವಿನಾಯಿತಿ. ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯಬಹುದು, ಬಿಸಿಲು ಬೇರೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನೂ ನೀರು, ಔಷಧಿ ಮುರಿಯುವುದಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಆ ಗಂಟೆಯೂ ಕಡ್ಡಾಯವಲ್ಲ. ಬಿಡಲೇಬೇಕೆಂದಿದ್ದರೆ ಟಿವಿ ಧಾರಾವಾಹಿ ಬಿಡಿ, ಮಾಂಸ ಬಿಟ್ಟು ಉಳಿದ ದುಡ್ಡು ಬಡವರಿಗೆ ಕೊಡಿ. ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಂಜೆ ಶಿಲುಬೆ ಹಾದಿಗೆ ಬರುವಾಗ ಜೇಬಿನಲ್ಲಿ ಎರಡು ಚಾಕಲೇಟ್, ಕೈಯಲ್ಲಿ ನೀರಿನ ಬಾಟಲಿ ಇರಲಿ. ಹದಿನಾಲ್ಕೂ ಸ್ಥಳಗಳಲ್ಲಿ ಮೊಣಕಾಲೂರಬೇಕಿಲ್ಲ, ಬೆಂಚಿನ ಮೇಲೆ ಕೂತೇ ಉತ್ತರ ಕೊಡಿ.