‘ಎನೆಯಾಸ್’ ಕಾವ್ಯದಲ್ಲಿ ಲವೀನಳ ಪ್ರೇಮಕ್ಕೆ ಅಷ್ಟೊಂದು ಜಾಗ ಯಾಕೆ?

1160ರ ಸುಮಾರಿಗೆ ಹೆಸರು ತಿಳಿಯದ ಕವಿಯೊಬ್ಬ ಹಳೆಯ ಫ್ರೆಂಚ್‌ನಲ್ಲಿ ಬರೆದ ‘ಎನೆಯಾಸ್’ ಓದಿ, ಇದು ರೋಮಿನ ಕವಿ ವರ್ಜಿಲನ ಲ್ಯಾಟಿನ್ ಮಹಾಕಾವ್ಯ ‘ಈನಿಯಡ್’ನ ಕೆಟ್ಟ ಅನುವಾದವೇ, ನಾಯಕ ಎನೆಯಾಸ್ ಕೊನೆಗೆ ಮದುವೆಯಾಗುವ ಇಟಲಿಯ ರಾಜಕುಮಾರಿ ಲವೀನಳ ಪ್ರಲಾಪವನ್ನು ಕೊನೆಯಲ್ಲಿ ತುರುಕಿದ್ದೇಕೆ ಎಂದು ಕೇಳಿದ್ದೀರಿ. ಅನುವಾದ ಅಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಎರಡೂ ಹತ್ತು ಸಾವಿರ ಸಾಲಿನ ಆಸುಪಾಸಿನವೇ, ಆದರೆ ಹಂಚಿಕೆ ಬೇರೆ.

ವರ್ಜಿಲ್ ಕಥೆಯನ್ನು ನಡುಗಡಲ ಬಿರುಗಾಳಿಯಿಂದ ಶುರುಮಾಡುತ್ತಾನೆ. ಫ್ರೆಂಚ್ ಕವಿ ಎನೆಯಾಸನ ಊರು ಟ್ರಾಯ್ ಬೀಳುವುದರಿಂದ. ಬಿರುಗಾಳಿಗೆ ಬರುವ ಮೊದಲೇ ಟ್ರಾಯಿನವರ ಮೇಲೆ ಜೂನೋ ದೇವತೆಯ ಸಿಟ್ಟಿಗೆ ಕಾರಣ ಅಂತ ಪ್ಯಾರಿಸನ ತೀರ್ಪಿನ ಕಥೆ ಹೇಳಿಬಿಡುತ್ತಾನೆ: ಟ್ರಾಯಿನ ರಾಜಕುಮಾರ ಪ್ಯಾರಿಸ್, ಸುಂದರಿ ಹೆಲೆನ್ ಸಿಗುವಳೆಂಬ ಆಸೆಗೆ, ಚೆಲುವಿನ ಪಂದ್ಯದಲ್ಲಿ ಜೂನೋಳನ್ನು ಬಿಟ್ಟು ವೀನಸಳನ್ನು ಗೆಲ್ಲಿಸಿದ. ವರ್ಜಿಲ್ ಒಂದು ಮಾತಿನಲ್ಲಿ ಮುಗಿಸಿದ್ದು ಅದು. ಹೆಣ್ಣಿನ ಆಸೆಗೆ ಕೊಟ್ಟ ತೀರ್ಪಿನಿಂದ ಹೊರಟ ಕಾವ್ಯ, ಲವೀನಳಿಗಾಗಿ ಎನೆಯಾಸನ ಜೊತೆ ಹೋರಾಡಿದ ಟರ್ನಸನ ಸಾವಿಗೆ (‘ಈನಿಯಡ್’ ಮುಗಿಯುವುದು ಅಲ್ಲಿಗೆ) ನಿಲ್ಲದೆ, ಮದುವೆ–ಪಟ್ಟಾಭಿಷೇಕದವರೆಗೂ ಹೋಗುತ್ತದೆ. ಮಧ್ಯೆ ಎನೆಯಾಸನ ಮೇಲೆ ಕಾರ್ತೇಜಿನ ರಾಣಿ ದೀದೋಳಿಗಿದ್ದ ಪ್ರೇಮ ರಾಜ್ಯವನ್ನೇ ಹಾಳುಗೆಡವುತ್ತದೆ. ಲವೀನಳದು ರಾಜ್ಯ ಕಟ್ಟುತ್ತದೆ.

ಸಂಕೇತಕ್ಕೆ ಬಂದರೆ, ಬಾಣದ ಬೆನ್ನುಹತ್ತಿ. ಕಮಿಲ್ ಎಂಬ ವೀರವನಿತೆಯ ಗೋರಿಯಲ್ಲಿ ಆರದ ದೀಪವೊಂದು ತೂಗುತ್ತದೆ. ಅದರ ಸರಪಳಿ ಒಂದು ಪಾರಿವಾಳದ ಕೊಕ್ಕಿನಲ್ಲಿದೆ. ಎದುರಿಗೆ ಬಿಲ್ಲು ಎಳೆದು ನಿಂತ ಬಿಲ್ಲುಗಾರನ ಪ್ರತಿಮೆ. ಅವನು ಬಾಣ ಬಿಟ್ಟರೆ ಪಾರಿವಾಳಕ್ಕೆ ತಗಲಿ ದೀಪ ಆರಿಹೋಗಬೇಕು. ಬಿಡುವುದಿಲ್ಲ, ಹಾಗೇ ನಿಂತಿದ್ದಾನೆ. ಇದನ್ನು ಬರೀ ಅಲಂಕಾರ ಅಂತ ಹಾರಿಸಿ ಓದುವವರೇ ಜಾಸ್ತಿ. ಹಾರಿಸಬೇಡಿ, ಯಾಕೆಂದರೆ ಲವೀನಳ ಭಾಗ ಶುರುವಾಗುವುದು ಇದಾದ ಮೇಲೆಯೇ. ತಾಯಿ ಮಗಳಿಗೆ ಗುಡಿಯಲ್ಲಿರುವ ಮನ್ಮಥನ ಚಿತ್ರವನ್ನು ವಿವರಿಸುತ್ತಾಳೆ: ಒಂದು ಕೈಯಲ್ಲಿ ಬಾಣ, ಇನ್ನೊಂದರಲ್ಲಿ ಮುಲಾಮಿನ ಡಬ್ಬಿ. ಗಾಯ ಮಾಡುವವನೇ ವೈದ್ಯ! ಆಮೇಲೆ ಕೋಟೆಯ ಕಿಟಕಿಯಿಂದ ಎನೆಯಾಸನನ್ನು ಕಂಡ ಲವೀನಳಿಗೆ ಅದೇ ಬಾಣ ನಾಟುತ್ತದೆ. ಅವಳು ಪತ್ರ ಬರೆದು, ಅದನ್ನು ನಿಜವಾದ ಬಾಣಕ್ಕೆ ಸುತ್ತಿ, ಕೆಳಗಿರುವವರು ಗೂಢಚಾರರು ಅಂತ ಸುಳ್ಳು ಹೇಳಿ ಬಿಲ್ಲುಗಾರನಿಂದ ಬಿಡಿಸುತ್ತಾಳೆ. ಗೋರಿಯಲ್ಲಿ ತಡೆದು ನಿಂತಿದ್ದ ಬಾಣ ಇಲ್ಲಿ ಹಾರಿತು ಅಂತ ನಾನು ಓದಿಕೊಳ್ಳುತ್ತೇನೆ. ಕವಿ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ, ಜೋಡಣೆ ಹೇಳುತ್ತದೆ.

ವರ್ಜಿಲನ ಲವೀನಿಯಾ ಒಂದು ಮಾತೂ ಆಡುವುದಿಲ್ಲ, ಹನ್ನೆರಡನೇ ಸರ್ಗದಲ್ಲಿ ಅತ್ತು, ಕೆಂಪೇರಿ ಸುಮ್ಮನಾಗುತ್ತಾಳೆ. ಫ್ರೆಂಚ್ ಕವಿ ಆ ಮೌನದೊಳಗೆ ರೋಮಿನ ಪ್ರೇಮಕವಿ ಓವಿಡನ ಪ್ರೇಮಲಕ್ಷಣಗಳನ್ನೆಲ್ಲ ತುಂಬಿದ: ನಿದ್ದೆಗೇಡು, ಬೆವರು, ನಡುಕ, ತನ್ನನ್ನೇ ತಾನು ಪ್ರಶ್ನಿಸಿ ಉತ್ತರಿಸುವುದು. ನಿಮಗೆ ಬೇಸರ ತಂದದ್ದು ಬಹುಶಃ ಈ ಪ್ರಶ್ನೋತ್ತರ. ಮನಸ್ಸಲ್ಲೇ ಓದದೆ, ಎರಡು ದನಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಎಂಟೆಂಟು ಅಕ್ಷರದ, ಪ್ರಾಸವಿರುವ ಜೋಡಿಸಾಲುಗಳು ಅಲ್ಲಿ ತುಂಡು ತುಂಡಾಗಿ ಒಡೆಯುವುದು ಕಿವಿಗೆ ಸಿಗುತ್ತದೆ.